ಏನೂ ನಡೆಯದ ದಾರಿ

ಪ್ರೀತಿಯ ಹುಡುಗಿ,

ನಿನ್ನ ಜಪಾನ್ ಪ್ರವಾಸಕಥನ ಪೂರ್ತಿ ಓದಿದೆ. ಜೊತೆಗಿದ್ದ ಚೀಟಿ ಓದಿ ಬೇಜಾರಾಯಿತು. ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ, ಹರಿದು ಹಾಕಲಾ ಅಂತ ಕೇಳಿದ್ದೀಯ. ಹರಿಯಬೇಡ. ಪುಟ ಎಷ್ಟಿರಬೇಕು, ಯಾರು ಪ್ರಕಟಿಸುತ್ತಾರೆ ಅನ್ನೋದೆಲ್ಲ ಆಮೇಲೆ.

ನೀನು ನಡೆದ ತೊಕಾಯ್ಡೊ ದಾರಿಯನ್ನೇ ಜಪಾನಿನ ಚಿತ್ರಕಾರ ಹಿರೋಶಿಗೆ 1833ರ ಸುಮಾರಿಗೆ ಮರದಚ್ಚಿನ ಚಿತ್ರಗಳಲ್ಲಿ ತಂದ. ಎಡೋ, ಅಂದರೆ ಈಗಿನ ಟೋಕಿಯೊದಿಂದ ಕ್ಯೋಟೋವರೆಗೆ 53 ತಂಗುದಾಣ, ಎರಡು ತುದಿ ಸೇರಿ 55 ಚಿತ್ರ. ಅಲ್ಲೂ ಏನೂ ನಡೆಯುವುದಿಲ್ಲ ಕಣೇ! ಯೊಕ್ಕಾಯಿಚಿಯಲ್ಲಿ ಗಾಳಿಗೆ ಟೋಪಿ ಉರುಳಿಕೊಂಡು ಹೋಗುತ್ತಿದೆ, ಒಬ್ಬ ಹಿಂದೆ ಓಡುತ್ತಿದ್ದಾನೆ, ಅಷ್ಟೇ. ಮರಿಕೊ ಅನ್ನುವ ಊರು ಕಾಡುಗೆಣಸು ತುರಿದು ಮಾಡುವ ಸಾರಿಗೆ ಹೆಸರುವಾಸಿ. ಅಲ್ಲಿ ಇಬ್ಬರು ಚಹಾದಂಗಡಿಯಲ್ಲಿ ಕೂತು ಉಣ್ಣುತ್ತಿದ್ದಾರೆ, ಬಡಿಸುವವಳ ಬೆನ್ನ ಮೇಲೆ ಮಗು. ಗೋಯುವಿನಲ್ಲಿ ಛತ್ರದ ಹೆಂಗಸರು ದಾರಿಹೋಕರನ್ನು ಹಿಡಿದು ಎಳೆಯುತ್ತಿದ್ದಾರೆ, ಒಬ್ಬನ ಕೊರಳಿಗೆ ಅವನದೇ ಸಾಮಾನಿನ ಗಂಟು ಬಿಗಿಯುತ್ತಿದೆ. ಒಳಗೆ ಗೋಡೆಯ ಹಲಗೆಗಳ ಮೇಲೆ ಏನಿದೆ ಗೊತ್ತಾ? ಆ ಚಿತ್ರವನ್ನು ಮರದಲ್ಲಿ ಕೆತ್ತಿದವನ ಹೆಸರು, ಅಚ್ಚು ಒತ್ತಿದವನ ಹೆಸರು. ಬರೆದವನು ಹಿರೋಶಿಗೆ, ಆದರೆ ಕೆತ್ತಿ ಒತ್ತಿದವರು ಬೇರೆಯವರು, ಅವರನ್ನೂ ಅಲ್ಲೇ ಸೇರಿಸಿದ್ದಾನೆ. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಶೋನೊ ಅನ್ನುವ ತಂಗುದಾಣದ ಚಿತ್ರದಲ್ಲಿ ಮಳೆ ನೋಡು. ಪಲ್ಲಕ್ಕಿ ಹೊತ್ತವರು ಏರು ಹತ್ತುತ್ತಿದ್ದಾರೆ, ಇನ್ನೊಬ್ಬ ಕೊಡೆ ಮುಂದೆ ಮಾಡಿಕೊಂಡು ಇಳಿಯುತ್ತಿದ್ದಾನೆ. ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಬಾಗಿದ ಬೆನ್ನು, ಅವಸರದ ಕಾಲು, ಅಷ್ಟರಲ್ಲೇ ಮಳೆ ಎಷ್ಟು ಜೋರು ಅಂತ ಗೊತ್ತಾಗುತ್ತದೆ.

ನಿನ್ನ ಬರಹದಲ್ಲಿ ಪುಟಪುಟಕ್ಕೂ ಫ್ಯೂಜಿ ಪರ್ವತ. ಜನ ಎಲ್ಲಿ ಹೋದರು? ನನಗೆ ಸಿಟ್ಟು ಬಂದಿದ್ದು ಅಲ್ಲೇ. ಹಿರೋಶಿಗೆಯೂ ಫ್ಯೂಜಿಯನ್ನು ಬಿಡಲಿಲ್ಲ, ಆದರೆ ಬೆಟ್ಟಕ್ಕಾಗಿ ದಾರಿಹೋಕರನ್ನು ಅಳಿಸಲಿಲ್ಲ. ಹಿಂದೆ ಒಬ್ಬ ಸಂಪಾದಕರು ನನ್ನ ಪ್ರವಾಸ ಲೇಖನದಿಂದ ಊಟ, ನಿದ್ದೆ, ಬಸ್ಸಿನ ಸೀಟಿನ ಜಗಳ ಎಲ್ಲ ಕಿತ್ತು, ಗೋಪುರದ ಎತ್ತರ ಮತ್ತು ರಾಜರ ಇಸವಿ ಮಾತ್ರ ಉಳಿಸಿದರು. ಅದನ್ನು ಎಲ್ಲರೂ ಹೊಗಳಿದರು. ಆ ನೋವು ಇನ್ನೂ ಹೋಗಿಲ್ಲ. ನಿನ್ನ ಬರಹಕ್ಕೆ ಹಾಗೆ ಮಾಡಲು ಯಾರೂ ಬೇಕಾಗಿಲ್ಲ, ನೀನೇ ಮಾಡಿಕೊಂಡಿದ್ದೀಯ.

ಕೊನೆಯ ರೈಲು ತಪ್ಪಿ ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆದೆ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯಲ್ಲ, ಮೊದಲು ಅದನ್ನು ಬರೆದು ಕಳಿಸು. ಪಕ್ಕದಲ್ಲಿ ಯಾರಿದ್ದರು, ಏನು ತಿಂದೆ, ಚಳಿಗೆ ಏನು ಹೊದ್ದುಕೊಂಡೆ, ಎಲ್ಲ ಬೇಕು ನನಗೆ.