ಪಾದಯಾತ್ರೆಗೆ ಹೊರಡುವವರಲ್ಲಿ ಶುಗರ್ ಇದ್ದವರ ಗಮನಕ್ಕೆ

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ನಮ್ಮ ಜೊತೆ ನಡೆದು ಬರುವ ಹಿರಿಯರಲ್ಲಿ ಶುಗರ್ ಇದ್ದವರು ಬಹಳ ಮಂದಿ. ಈ ಸಲ ದಯವಿಟ್ಟು ಬರಿಗಾಲಲ್ಲಿ ನಡೆಯಬೇಡಿರಿ.

ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದರೆ ಅಂಗಾಲಿನ ಚರ್ಮದಲ್ಲಿರುವ ನೋವಿನ ನರತುದಿಗಳು ಎಚ್ಚರಗೊಳ್ಳುತ್ತವೆ. ಸುದ್ದಿ ಬೆನ್ನುಹುರಿ ಮುಟ್ಟಿದ ಕೂಡಲೇ ಅಲ್ಲಿಂದಲೇ ಸ್ನಾಯುಗಳಿಗೆ ಅಪ್ಪಣೆ ಹೋಗಿ ಕಾಲು ಮೇಲೇಳುತ್ತದೆ. ಸುಟ್ಟಿತು ಅಂತ ಮಿದುಳಿಗೆ ಗೊತ್ತಾಗುವುದು ಆಮೇಲೆ. ಚುರ್ ಅನ್ನುವ ಮೊದಲ ನೋವನ್ನು ತರುವ ನರತಂತುಗಳ ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ಅದರ ಹಿಂದೆ ಬರುವ ಉರಿಯನ್ನು ತರುವವು 2 ಮೀಟರ್ ಕೂಡ ದಾಟುವುದಿಲ್ಲ.

ಶುಗರ್ ವರ್ಷಗಟ್ಟಲೆ ಹತೋಟಿ ತಪ್ಪಿದ್ದರೆ ಸಾಮಾನ್ಯವಾಗಿ ಮೊದಲು ಕೆಡುವುದು ಅತಿ ಉದ್ದದ ನರಗಳು, ಅಂದರೆ ಪಾದದವು. ಆಗ ಕಾದ ಡಾಂಬರಿನ ಮೇಲೆ ಗುಳ್ಳೆ ಎದ್ದರೂ ಕಾಲು ತಾನಾಗಿ ಹಿಂದೆ ಸರಿಯುವುದಿಲ್ಲ. "ನನಗೇನೂ ಸುಡಂಗಿಲ್ರಿ" ಅನ್ನುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಇವತ್ತೇ ಮನೆಯಲ್ಲಿ ನೋಡಿರಿ. ಹಿರಿಯರ ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿರಿ. ಈ ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಲೇಬೇಕು.

ರಾತ್ರಿ ತಂಗಿದಲ್ಲಿ ಬಿಸಿನೀರಿನಲ್ಲಿ ಕಾಲಿಟ್ಟು ಕೂಡುವುದು ಇವರಿಗೆ ಬೇಡ. ಜೊತೆಗಿದ್ದವರು ದಿನಾ ಅವರ ಅಂಗಾಲನ್ನು ಬೆಳಕಿನಲ್ಲಿ ನೋಡಿ, ಗಾಯವಿದ್ದರೆ ಕೂಡಲೇ ಗುಂಪಿನಲ್ಲಿ ತಿಳಿಸಿರಿ. ಹರಕೆ ಹೊತ್ತವರು ಗುಡಿಯ ಅಂಗಳದಲ್ಲಿ ಚಪ್ಪಲಿ ಕಳಚಿದರೆ ಸಾಕು.