ಹೆಡ್‌ಫೋನ್: ತೂಕವೂ ಮುಖ್ಯ

ಮಾನ್ಯರೇ,

ದುಬಾರಿ ಹೆಡ್‌ಫೋನ್‌ಗಳ ವಿಮರ್ಶೆಗಳು ಧ್ವನಿಯನ್ನು ವಿಸ್ತಾರವಾಗಿ ವರ್ಣಿಸಿ, ತಲೆಯ ಮೇಲಿನ ಭಾರವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 800 ಎಸ್ ಸುಮಾರು 330 ಗ್ರಾಂ ತೂಗಿದರೆ, ಅಮೆರಿಕದ ಆಡೆಜಿ ಎಲ್‌ಸಿಡಿ-ಎಕ್ಸ್ 600 ಗ್ರಾಂ ದಾಟುತ್ತದೆ. ಒಂದು ರಾಗದ ವಿಸ್ತಾರವಾದ ಆಲಾಪನೆ ಮುಗಿಯುವ ಹೊತ್ತಿಗೆ ಈ ಅಂತರವನ್ನು ಕುತ್ತಿಗೆಯೇ ಹೇಳುತ್ತದೆ.

ಹಾಗೆಂದು ಆಡೆಜಿಯ ಭಾರ ವ್ಯರ್ಥವೇನಲ್ಲ. ತೆಳುವಾದ ಪೊರೆಯನ್ನು ಆಯಸ್ಕಾಂತಗಳ ಕ್ಷೇತ್ರದಲ್ಲಿ ಕಂಪಿಸುವಂತೆ ಮಾಡುವ 106 ಮಿ.ಮೀ. ಪ್ಲೇನಾರ್ ಚಾಲಕ (ಧ್ವನಿ ಹೊಮ್ಮಿಸುವ ಭಾಗ) ಮತ್ತು ಲೋಹದ ಕವಚ ಅದಕ್ಕೆ ಕಾರಣವಾಗಿದ್ದು, ಮೃದಂಗದ ಎಡಮುಖದ ನಾದ ಅದರಲ್ಲಿ ತುಂಬಿಕೊಂಡು ಕೇಳಿಸುತ್ತದೆ. 56 ಮಿ.ಮೀ. ಉಂಗುರಾಕಾರದ ಚಾಲಕವಿರುವ ಸೆನ್‌ಹೈಸರ್‌ನಲ್ಲಿ ಮಂದ್ರಸ್ವರಗಳಿಗೆ ಅಷ್ಟು ಮೈಕಟ್ಟಿಲ್ಲ. ಅದರ ಬದಲು ವಾದ್ಯಗಳು ದೂರದೂರ ಕುಳಿತಂತೆ ವಿಶಾಲವಾದ ವೇದಿಕೆ ತೆರೆದುಕೊಳ್ಳುತ್ತದೆ. ಅದರ ತಾರಸ್ಥಾಯಿ ಕೆಲವರಿಗೆ ತುಸು ಚೂಪೆನಿಸಬಹುದು.

ಕಟ್ಟುವಿಕೆಯಲ್ಲಿ ಎರಡೂ ಗಟ್ಟಿ, ಕೇಬಲ್ ಬಿಚ್ಚಿ ಬದಲಿಸಬಹುದು. 300 ಓಮ್ ವಿದ್ಯುತ್ ಪ್ರತಿರೋಧದ ಸೆನ್‌ಹೈಸರ್‌ಗೆ ಒಳ್ಳೆಯ ಆಂಪ್ಲಿಫೈಯರ್ ಬೇಕೆಂಬುದನ್ನೂ, 20 ಓಮ್‌ನ ಆಡೆಜಿಯನ್ನು ನುಡಿಸುವುದು ಸುಲಭವೆಂಬುದನ್ನೂ ಅಂಗಡಿಯವರು ಬೆಲೆ ಹೇಳುವ ಮೊದಲೇ ತಿಳಿಸಬೇಕು. ದೀರ್ಘಕಾಲ ಕೇಳುವವನಾದ ನನ್ನ ಒಲವು ಸೆನ್‌ಹೈಸರ್ ಕಡೆಗೆ. ಎರಡೂ ತೆರೆದ ಕವಚದವಾದ್ದರಿಂದ ಒಳಗಿನ ಸಂಗೀತ ಪಕ್ಕದವರಿಗೂ ಕೇಳಿಸುತ್ತದೆ. ಬಸ್ಸಿನ ಪ್ರಯಾಣಕ್ಕೆಂದು ಇವನ್ನು ಕೊಳ್ಳಬಾರದು.

— ಓದುಗ, ಮೈಸೂರು