ಕೊಟ್ಟಿಗೆಹಾರದಲ್ಲಿ ‘ಕರ್ವಾಲೊ’ ಮರಳಿಸಿದವರಿಗೆ

ಬಸ್ಸಿನ ಸೀಟಿನ ಮೇಲೆ ನಾನು ಮರೆತು ಇಳಿದ ಪುಸ್ತಕವನ್ನು ಓಡಿಬಂದು ಕೈಗಿಟ್ಟಿರಿ. ಹೆಸರು ಕೇಳುವಷ್ಟರಲ್ಲಿ ನೀವು ಮತ್ತೆ ಬಸ್ ಹತ್ತಿಯಾಗಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದು ಸುಮ್ನೆ ಒಂದು ಹಳೇ ಪ್ರತಿ ಅಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಬಂದಿದ್ದು 1980ರಲ್ಲಿ. ನನ್ನ ಕೈಗೆ ಸಿಕ್ಕಿದ್ದು ಹತ್ತನೇ ಕ್ಲಾಸಿನ ರಜೆಯಲ್ಲಿ. ಆಮೇಲೆ ನಾನು ಮರ ನೋಡುವ ರೀತಿಯೇ ಬದಲಾಯಿತು. ಕಾದಂಬರಿಯಲ್ಲಿ ಬರುವ, ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ಒಮ್ಮೆಯಾದರೂ ನೋಡಬೇಕು ಅಂತ ಮಲೆನಾಡು ಸುತ್ತಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ತೆಗೆದುಕೊಂಡೆ. ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ, ಆದರೂ. ನನ್ನ ಆಪ್ತ ಗೆಳೆಯರೆಲ್ಲ ತೇಜಸ್ವಿಯವರನ್ನು ಓದುತ್ತಲೇ ಸಿಕ್ಕವರು. ‘ಕರ್ವಾಲೊ’ದ ಪಾತ್ರ ಮಂದಣ್ಣನ ಬಗ್ಗೆ ಜಗಳವಾಡುತ್ತಾ ಇಡೀ ರಾತ್ರಿ ಕಳೆದಿದ್ದೇವೆ. ಈ ಒಂದೇ ಪ್ರತಿಯನ್ನು ಏಳು ಜನ ಓದಿದ್ದೇವೆ. ಓದಿ ಮುಗಿಸಿದ ದಿನ ಕೊನೆಯ ಪುಟದಲ್ಲಿ ತಾರೀಖು ಬರೆಯುವುದು ನಮ್ಮ ರೂಢಿ. ಅವರಲ್ಲಿ ಒಬ್ಬ ಈಗಿಲ್ಲ. ಅವನ ಕೈಬರಹ ನನ್ನ ಹತ್ತಿರ ಉಳಿದಿರುವುದು ಅಲ್ಲಿ ಮಾತ್ರ. ನೀವು ಮರಳಿಸಿದ್ದು ಅದನ್ನು.

ಅವತ್ತು ಕೈಕಾಲು ನಡುಗುತ್ತಿತ್ತು. ಪಕ್ಕದ ಹೋಟೆಲಿನಲ್ಲಿ ನೀರುದೋಸೆ ಮುಂದಿಟ್ಟುಕೊಂಡು ಅತ್ತುಬಿಟ್ಟೆ.

"ಹತ್ತು ಪುಟ ಓದಿದೆ, ಚೆನ್ನಾಗಿದೆ" ಅಂದಿರಿ ಅಲ್ವಾ? ಉಳಿದದ್ದನ್ನೂ ನೀವು ಓದಬೇಕು. ಪ್ರತಿ ವರ್ಷ ತೇಜಸ್ವಿಯವರ ಹುಟ್ಟುಹಬ್ಬ, ಸೆಪ್ಟೆಂಬರ್ 8ಕ್ಕೆ, ನಾವು ಕೊಟ್ಟಿಗೆಹಾರದಲ್ಲಿ ಸೇರುತ್ತೇವೆ. ದಯವಿಟ್ಟು ಬನ್ನಿ. ಎಂಟನೇ ಓದುಗರ ತಾರೀಖಿಗೆ ಕೊನೆಯ ಪುಟದಲ್ಲಿ ಜಾಗ ಬಿಟ್ಟಿದ್ದೇನೆ.